ಡಿಎನ್‌ಎಸ್: ಅಂತರಜಾಲದ ಹೆಸರು ಸೇವೆಯ ಇತಿಹಾಸ

ಡಿಎನ್‌ಎಸ್ ಅಥವಾ ಡೊಮೇನ್ ನೇಮ್ ಸಿಸ್ಟಮ್ ಎಂದರೆ ಕಂಪ್ಯೂಟರ್ ಜಾಲದಲ್ಲಿ ಒಂದು ಹೆಸರನ್ನು ಕೇಳಿದಾಗ ಆ ಹೆಸರಿಗೆ ಸೇರಿದ ಐಪಿ ವಿಳಾಸವನ್ನು ತಿಳಿಸುವ ಸೇವೆ. ಜಾಲತಾಣ ತೆರೆಯುವಾಗ, ಇಮೇಲ್ ಕಳಿಸುವಾಗ, ಮೊಬೈಲಿನಲ್ಲಿ ಹಣ ಪಾವತಿಸುವಾಗ ಬಳಕೆದಾರರ ಕಣ್ಣಿಗೆ ಬೀಳದೆ ಮೊದಲು ನಡೆಯುವ ಕೆಲಸ ಇದು. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಪುಗೊಂಡ ಈ ವ್ಯವಸ್ಥೆ ಬಳಕೆದಾರರಿಗೆ ಸೇವೆ, ಯಂತ್ರಗಳಿಗೆ ಪ್ರೋಟೋಕಾಲ್, ಜಾಲವನ್ನು ನಡೆಸುವವರಿಗೆ ಆಡಳಿತದ ಕಟ್ಟುಪಾಡು. ಪ್ರೋಟೋಕಾಲ್ ಚಿಕ್ಕದು, ಅದರ ಸಂದೇಶಗಳ ರಚನೆಯನ್ನು ಒಂದು ಮಧ್ಯಾಹ್ನ ಕೂತು ಕಲಿಯಬಹುದು. ನಲವತ್ತು ವರ್ಷ ಬಾಳಿದ್ದು, ಇಂದಿಗೂ ಜಾಲವನ್ನು ಹೊತ್ತು ನಿಂತಿರುವುದು ಅದರ ಹಿಂದಿರುವ ಆಡಳಿತದ ಯೋಚನೆ. ಯಾವ ಹೆಸರಿಗೆ ಯಾರು ಹೊಣೆ ಎಂಬುದನ್ನು ಒಬ್ಬರ ಕೈಯಲ್ಲಿ ಇಡದೆ ಹಂಚಿಕೊಟ್ಟ ಆ ತೀರ್ಮಾನವೇ ಈ ಇತಿಹಾಸದ ತಿರುಳು.

ಒಂದೇ ಕಡತದ ಕಾಲ

1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಮೆನ್ಲೊ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್‌ನ ಮೊದಲ ಸಂದೇಶ ಹೋಯಿತು. ಆಗ ಜಾಲದಲ್ಲಿದ್ದ ಯಂತ್ರಗಳು ಬೆರಳೆಣಿಕೆಯಷ್ಟು. ಅವನ್ನು ಸಂಖ್ಯೆಯಿಂದ ಗುರುತಿಸಿದರೂ ಸಾಕಿತ್ತು, ಆದರೆ ಮನುಷ್ಯರಿಗೆ ಹೆಸರೇ ಹಿತ. ಪ್ರತಿ ಕೇಂದ್ರವೂ ತನ್ನದೇ ಪಟ್ಟಿ ಇಟ್ಟುಕೊಂಡು, ಒಂದೇ ಯಂತ್ರವನ್ನು ಬೇರೆ ಬೇರೆ ಹೆಸರಿನಲ್ಲಿ ಕರೆಯತೊಡಗಿದಾಗ ಗೊಂದಲ ಶುರುವಾಯಿತು. 1971ರಲ್ಲಿ ಪೆಗ್ಗಿ ಕಾರ್ಪ್ ಅವರು ಆರ್‌ಎಫ್‌ಸಿ 226 ಎಂಬ ಟಿಪ್ಪಣಿಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಹೆಸರುಗಳ ಪಟ್ಟಿಯೊಂದನ್ನು ಮುಂದಿಟ್ಟರು. 1973ರ ಕೊನೆಗೆ ಪೀಟರ್ ಡಾಯ್ಚ್, ಈ ಪಟ್ಟಿಯನ್ನು ಜಾಲದ ಮೇಲೆಯೇ ಒಂದು ಕಡತವಾಗಿ ಇಡಬೇಕೆಂದು ಸೂಚಿಸಿದರು. ಹೀಗೆ ಹುಟ್ಟಿದ ಕಡತಕ್ಕೆ ‘ಹೋಸ್ಟ್ಸ್ ಡಾಟ್ ಟೆಕ್ಸ್ಟ್’ ಎಂಬ ಹೆಸರು ನಿಂತಿತು.

ಆ ಕಡತವನ್ನು ಕಾಪಾಡಿದ್ದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ನೆಟ್‌ವರ್ಕ್ ಮಾಹಿತಿ ಕೇಂದ್ರ. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್‌ಲರ್ ರಸಾಯನಶಾಸ್ತ್ರ ಓದಿದವರು. 1972ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಅವರ ತಂಡ ಸೇರಿ, 1989ರವರೆಗೆ ಈ ಕೇಂದ್ರವನ್ನು ನಡೆಸಿದರು. ಹೊಸ ಯಂತ್ರ ಜೋಡಿಸಿದ ಸಂಸ್ಥೆ ಇವರ ಕೇಂದ್ರಕ್ಕೆ ಬರೆದು ತಿಳಿಸಬೇಕು. ಆ ಹೆಸರು ಈಗಾಗಲೇ ಇದೆಯೇ ಎಂದು ಕೇಂದ್ರದವರು ನೋಡಿ, ಕಡತಕ್ಕೆ ಸೇರಿಸುವರು. ವಾರಕ್ಕೆ ಒಂದೆರಡು ಬಾರಿ ಹೊಸ ಕಡತ ಸಿದ್ಧವಾಗುವುದು, ಜಾಲದ ಪ್ರತಿ ಯಂತ್ರವೂ ಅದನ್ನು ಎಫ್‌ಟಿಪಿ ಮೂಲಕ ಇಳಿಸಿಕೊಳ್ಳುವುದು. ಯಾರು ಯಾರು ಎಂದು ಹುಡುಕುವ ಹೂ-ಈಸ್ ಸೇವೆಯೂ ಇದೇ ಕೇಂದ್ರದ್ದು. ಜಾಲದ ಆಡಳಿತ ಎಂಬ ಉದ್ಯೋಗಕ್ಕೆ ಮೊದಲ ರೂಪ ಕೊಟ್ಟವರು ಫೈನ್‌ಲರ್ ಮತ್ತು ಅವರ ಸಹೋದ್ಯೋಗಿಗಳು. ಪ್ರೋಟೋಕಾಲ್ ಬರೆದವರ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿದಷ್ಟು ಇವರ ಹೆಸರು ಉಳಿಯಲಿಲ್ಲ. ಅದು ಸರಿಯಾಗಬೇಕಾದ ಲೋಪ.

1981ರ ಆಗಸ್ಟ್ ಹೊತ್ತಿಗೆ ಕಡತದಲ್ಲಿ 213 ಯಂತ್ರಗಳಿದ್ದವು. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಟಿಸಿಪಿ/ಐಪಿಗೆ ಬದಲಾದ ಮೇಲೆ, ಕಚೇರಿಗೊಂದು ದೊಡ್ಡ ಕಂಪ್ಯೂಟರ್ ಇದ್ದಲ್ಲಿ ಮೇಜಿಗೊಂದು ಯಂತ್ರ ಬರುವ ಸೂಚನೆ ಕಾಣತೊಡಗಿತು. ಕಡತ ಉದ್ದವಾಗುವುದಷ್ಟೇ ತೊಡಕಾಗಿರಲಿಲ್ಲ. ಉದ್ದವಾದ ಕಡತವನ್ನು ಹೆಚ್ಚು ಯಂತ್ರಗಳು ಹೆಚ್ಚು ಸಲ ಇಳಿಸಿಕೊಳ್ಳಬೇಕಾದ್ದರಿಂದ ಹೊರೆ ಎರಡು ದಿಕ್ಕಿನಿಂದ ಏರುತ್ತಿತ್ತು. ಒಂದು ಹೊಸ ಕಡತ ಎಲ್ಲ ಕಡೆ ತಲುಪುವ ಮೊದಲೇ ಯಾವುದೋ ವಿಳಾಸ ಬದಲಾಗಿರುತ್ತಿತ್ತು. ಕಡತದಲ್ಲಿ ಹೆಸರು ಈಗಾಗಲೇ ಇದೆಯೇ ಎಂದು ಕೇಂದ್ರದವರು ನೋಡುತ್ತಿದ್ದರೂ, ಪ್ರಸಿದ್ಧವಾದ ಇಮೇಲ್ ಯಂತ್ರವೊಂದರ ಹೆಸರನ್ನೇ ಇನ್ನೊಬ್ಬರು ತಮ್ಮ ಯಂತ್ರಕ್ಕೆ ಇಟ್ಟುಕೊಂಡರೆ ತಡೆಯುವ ಅಧಿಕಾರವೂ ಕೇಂದ್ರಕ್ಕೆ ಇರಲಿಲ್ಲ.

ಹೊಣೆಯ ಹಂಚಿಕೆ

1982ರ ಆಗಸ್ಟ್‌ನಲ್ಲಿ ಜಾ-ಸಿಂಗ್ ಸು ಮತ್ತು ಜಾನ್ ಪೋಸ್ಟೆಲ್ ಹೆಸರುಗಳನ್ನು ಮರದ ಆಕಾರದಲ್ಲಿ, ಕೊಂಬೆಯೊಳಗೆ ಕೊಂಬೆಯಾಗಿ ಜೋಡಿಸುವ ಯೋಚನೆಯನ್ನು ಬರೆದಿಟ್ಟರು. ಇದನ್ನು ಕಾರ್ಯರೂಪಕ್ಕೆ ತರುವುದು ಹೇಗೆಂಬ ಬಗ್ಗೆ ಐದು ಬೇರೆ ಬೇರೆ ಪ್ರಸ್ತಾವಗಳು ಬಂದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪೋಸ್ಟೆಲ್, ಅವುಗಳ ನಡುವೆ ಒಂದು ರಾಜಿ ಹುಡುಕುವ ಕೆಲಸವನ್ನು ತಮ್ಮ ಕಿರಿಯ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ ಅವರಿಗೆ ವಹಿಸಿದರು. ಮೊಕಾಪೆಟ್ರಿಸ್ ಐದನ್ನೂ ಓದಿ, ರಾಜಿ ಮಾಡಿಸುವ ಬದಲು ಆರನೆಯದನ್ನು ತಾವೇ ರಚಿಸಿದರು. 1983ರ ಜೂನ್‌ನಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ನವೆಂಬರ್‌ನಲ್ಲಿ ಆರ್‌ಎಫ್‌ಸಿ 882 ಮತ್ತು 883 ಪ್ರಕಟವಾದವು. ಅವರು ಬರೆದ ಮೊದಲ ನೇಮ್ ಸರ್ವರ್ ತಂತ್ರಾಂಶದ ಹೆಸರು ಜೀವ್ಸ್. ಅನುಭವದ ಮೇಲೆ ತಿದ್ದಿದ ರೂಪ 1987ರ ನವೆಂಬರ್‌ನಲ್ಲಿ ಆರ್‌ಎಫ್‌ಸಿ 1034 ಮತ್ತು 1035 ಆಗಿ ಬಂತು. ಇಂದಿಗೂ ಆಧಾರ ಗ್ರಂಥಗಳು ಅವೇ ಎರಡು.

ಡೊಮೇನ್ ಹೆಸರನ್ನು ನಾವು ಅಂಚೆ ವಿಳಾಸ ಬರೆಯುವ ಕ್ರಮದಲ್ಲೇ ಓದಬೇಕು: ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ ಎಂಬಂತೆ ಚಿಕ್ಕದು ಮೊದಲು, ದೊಡ್ಡದು ಕೊನೆಗೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ಐಐಎಸ್‌ಸಿ ಡಾಟ್ ಎಸಿ ಡಾಟ್ ಇನ್’ ಎಂಬ ಹೆಸರನ್ನು ಬಳಕೆದಾರರ ಪರವಾಗಿ ಹುಡುಕುವ ತಂತ್ರಾಂಶ, ಅಂದರೆ ರಿಸಾಲ್ವರ್, ಕೊನೆಯಿಂದ ಹೊರಡುತ್ತದೆ. ಮರದ ಬುಡದಲ್ಲಿರುವ ರೂಟ್ ಸರ್ವರ್‌ಗೆ ಐಐಎಸ್‌ಸಿ ಗೊತ್ತಿಲ್ಲ, ‘ಇನ್’ ಯಾರ ವಶದಲ್ಲಿದೆ ಎಂದಷ್ಟೇ ಗೊತ್ತು. ಅದು ತೋರಿಸಿದ ಸರ್ವರ್ ಮುಂದಿನ ದಾರಿ ಹೇಳುತ್ತದೆ. ಕೊನೆಗೆ ಸಂಸ್ಥೆಯದೇ ನೇಮ್ ಸರ್ವರ್ ಅಧಿಕೃತ ಉತ್ತರ ಕೊಡುತ್ತದೆ. ಹೀಗೆ ಮರದ ಒಂದೊಂದು ಭಾಗ ಒಬ್ಬೊಬ್ಬರ ಸುಪರ್ದಿಗೆ ಬಂದಾಗ ಅದನ್ನು ಝೋನ್ ಎನ್ನುತ್ತಾರೆ. ಝೋನಿನ ಒಡೆಯರು ತಮ್ಮೊಳಗೆ ಎಷ್ಟು ಹೆಸರು ಬೇಕಾದರೂ ಇಡಬಹುದು, ತೆಗೆಯಬಹುದು. ಯಾರ ಅಪ್ಪಣೆಯೂ ಬೇಕಿಲ್ಲ. ಮೆನ್ಲೊ ಪಾರ್ಕ್‌ಗೆ ಬರೆದು ಕಾಯುತ್ತಿದ್ದ ಕಡೆ ಇದು ದೊಡ್ಡ ಬಿಡುಗಡೆ. ಜೊತೆಗೆ ತಪ್ಪೂ ಹಂಚಿಹೋಯಿತು: ಒಂದು ಸಂಸ್ಥೆ ತನ್ನ ಝೋನನ್ನು ಹಾಳುಮಾಡಿಕೊಂಡರೆ ಪಕ್ಕದ ಸಂಸ್ಥೆಗೆ ತೊಂದರೆಯಿಲ್ಲ.

ಎರಡನೆಯ ಮುಖ್ಯ ಯೋಚನೆ ಕ್ಯಾಶ್, ಅಂದರೆ ಒಮ್ಮೆ ಸಿಕ್ಕ ಉತ್ತರವನ್ನು ಕಾದಿಟ್ಟುಕೊಳ್ಳುವುದು. ಪ್ರತಿ ಉತ್ತರದ ಜೊತೆಗೂ ಅದು ಎಷ್ಟು ಸೆಕೆಂಡು ನಂಬಲರ್ಹ ಎಂಬ ಅವಧಿ ಬರುತ್ತದೆ. ಇದಕ್ಕೆ ಟಿಟಿಎಲ್ ಎಂದು ಹೆಸರು. ಒಂದು ದಿನ ಎಂದರೆ 86400. ಆ ಅವಧಿ ಮುಗಿಯುವವರೆಗೆ ರಿಸಾಲ್ವರ್ ಮತ್ತೆ ಕೇಳಲು ಹೋಗುವುದಿಲ್ಲ. ಕೋಟಿಗಟ್ಟಲೆ ಜನ ದಿನವಿಡೀ ಕೇಳಿದರೂ ರೂಟ್ ಸರ್ವರ್‌ಗಳು ಉಸಿರಾಡಲು ಸಾಧ್ಯವಾಗಿರುವುದು ಇದರಿಂದಲೇ.

ಪ್ರಶ್ನೋತ್ತರಗಳು ಸಾಮಾನ್ಯವಾಗಿ ಯುಡಿಪಿಯಲ್ಲಿ, 53ನೇ ಪೋರ್ಟ್ ಮೂಲಕ ಸಾಗುತ್ತವೆ. ಸಂಪರ್ಕ ಕಟ್ಟಿಕೊಳ್ಳುವ ವಿಧಿಯಿಲ್ಲ. ಒಂದು ಪ್ಯಾಕೆಟ್ ಹೋಗುತ್ತದೆ, ಒಂದು ಬರುತ್ತದೆ. ಮೂಲ ನಿಯಮದಂತೆ ಉತ್ತರ 512 ಬೈಟ್ ಮೀರುವಂತಿರಲಿಲ್ಲ, ಮೀರಿದರೆ ಟಿಸಿಪಿಯಲ್ಲಿ ಮತ್ತೆ ಕೇಳಬೇಕು. ರೂಟ್ ಸರ್ವರ್‌ಗಳ ಹೆಸರು ಎ ಯಿಂದ ಎಂ ವರೆಗೆ 13ಕ್ಕೆ ನಿಂತಿರುವುದಕ್ಕೆ ಇದೇ ಕಾರಣ. ಎಲ್ಲ ರೂಟ್‌ಗಳ ಹೆಸರು-ವಿಳಾಸಗಳು ಒಂದೇ ಪ್ಯಾಕೆಟ್‌ನಲ್ಲಿ ಹಿಡಿಸಬೇಕಿತ್ತು. 1999ರಲ್ಲಿ ಬಂದ ಇಡಿಎನ್‌ಎಸ್ ಎಂಬ ವಿಸ್ತರಣೆ ಈ ಮಿತಿಯನ್ನು ಸಡಿಲಿಸಿತು, ಆದರೆ 13 ಹಾಗೆಯೇ ಉಳಿಯಿತು.

ಇಮೇಲ್‌ಗೆ ಪ್ರತ್ಯೇಕ ಏರ್ಪಾಡು ಬೇಕಾಯಿತು. 1986ರ ಜನವರಿಯಲ್ಲಿ ಕ್ರೇಗ್ ಪಾರ್ಟ್ರಿಜ್ ಎಂಎಕ್ಸ್ ರೆಕಾರ್ಡಿನ ಬಳಕೆಯನ್ನು ನಿಗದಿಗೊಳಿಸಿದರು. ಒಂದು ಸಂಸ್ಥೆಯ ಹೆಸರಿಗೆ ಬಂದ ಅಂಚೆಯನ್ನು ಯಾವ ಯಂತ್ರಕ್ಕೆ ಒಪ್ಪಿಸಬೇಕು, ಅದು ಸಿಗದಿದ್ದರೆ ಇನ್ನಾವುದಕ್ಕೆ ಎಂದು ಈ ರೆಕಾರ್ಡ್ ಹೇಳುತ್ತದೆ. ಟೆಲಿಫೋನ್ ಡಯಲ್ ಮಾಡಿ ಆಗೀಗ ಅಂಚೆ ಎತ್ತಿಕೊಳ್ಳುತ್ತಿದ್ದ ಸಂಸ್ಥೆಗಳಿಗೂ ಇದರಿಂದ ಅಂತರಜಾಲದ ಇಮೇಲ್ ವಿಳಾಸ ಸಿಕ್ಕಿತು.

ನೇಮ್ ಸರ್ವರ್ ನಡೆಸುವವರು

ಪ್ರೋಟೋಕಾಲ್ ಕಾಗದದಿಂದ ಜಗತ್ತಿಗೆ ಬಂದದ್ದು ಬೈಂಡ್ ಎಂಬ ತಂತ್ರಾಂಶದ ಮೂಲಕ. 1984ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳಾದ ಡಗ್ಲಸ್ ಟೆರ್ರಿ, ಮಾರ್ಕ್ ಪೇಂಟರ್, ಡೇವಿಡ್ ರಿಗಲ್, ಸಾಂಗ್ನಿಯನ್ ಜೌ ಅದನ್ನು ಬರೆದರು. ಬರ್ಕ್ಲಿ ಯುನಿಕ್ಸ್ ಜೊತೆಗೆ ಉಚಿತವಾಗಿ ಹಂಚಿದ್ದರಿಂದ ವಿಶ್ವವಿದ್ಯಾಲಯಗಳಲ್ಲೆಲ್ಲ ಹಬ್ಬಿತು. ಮುಂದೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಕೆವಿನ್ ಡನ್‌ಲಪ್, ಆಮೇಲೆ ಪಾಲ್ ವಿಕ್ಸಿ ಅದರ ಹೊಣೆ ಹೊತ್ತರು. ವಿಕ್ಸಿ 1994ರಲ್ಲಿ ಜೊತೆಗಾರರೊಡನೆ ಸ್ಥಾಪಿಸಿದ ಸಂಸ್ಥೆ ಐಎಸ್‌ಸಿ ಇಂದಿಗೂ ಅದನ್ನು ನಿರ್ವಹಿಸುತ್ತಿದೆ. 2000ದಲ್ಲಿ ಬಂದ ಬೈಂಡ್ 9 ಪೂರ್ತಿ ಹೊಸದಾಗಿ ಬರೆದದ್ದು. ಎಲ್ಲರೂ ಒಂದೇ ತಂತ್ರಾಂಶ ನೆಚ್ಚಿಕೊಂಡರೆ ಒಂದು ದೋಷಕ್ಕೆ ಎಲ್ಲರೂ ಬಲಿಯಾಗಬಹುದೆಂಬ ಎಚ್ಚರದಿಂದ ನೆದರ್‌ಲೆಂಡ್ಸ್‌ನಲ್ಲಿ ಎನ್‌ಎಸ್‌ಡಿ, ಅನ್‌ಬೌಂಡ್ ಮುಂತಾದವು ಹುಟ್ಟಿದವು.

ಅಡ್ಮಿನ್‌ನ ದಿನನಿತ್ಯದ ಕೆಲಸ ಝೋನ್ ಫೈಲಿನ ಸುತ್ತ ತಿರುಗುತ್ತದೆ. ಹೆಸರಿಗೆ ವಿಳಾಸ ಕೊಡುವ ಎ ರೆಕಾರ್ಡ್, ಐಪಿವಿ6ಗೆ ಎಎಎಎ, ಅಡ್ಡಹೆಸರಿಗೆ ಸಿನೇಮ್, ಸರ್ವರ್ ಯಾವುದೆಂದು ಹೇಳುವ ಎನ್‌ಎಸ್. ಮೇಲ್ತುದಿಯಲ್ಲಿ ಎಸ್‌ಒಎ, ಅದರಲ್ಲಿ ಒಂದು ಸೀರಿಯಲ್ ಸಂಖ್ಯೆ. ಫೈಲ್ ತಿದ್ದಿದಾಗಲೆಲ್ಲ ಆ ಸಂಖ್ಯೆಯನ್ನು ಏರಿಸಬೇಕು. ಮರೆತರೆ ಮುಖ್ಯ ಸರ್ವರ್‌ನಲ್ಲಿ ಹೊಸ ಉತ್ತರ, ಉಪ ಸರ್ವರ್‌ಗಳಲ್ಲಿ ಹಳೆಯ ಉತ್ತರ ಉಳಿದು, ಕೇಳಿದವರಿಗೆ ಒಮ್ಮೆ ಒಂದು, ಒಮ್ಮೆ ಇನ್ನೊಂದು ಸಿಗುತ್ತದೆ. ಸರ್ವರ್ ಸ್ಥಳಾಂತರಿಸುವ ಮುನ್ನ ಟಿಟಿಎಲ್ ಅನ್ನು ದಿನದಿಂದ ಕೆಲವೇ ನಿಮಿಷಕ್ಕೆ ಇಳಿಸಿ, ಹಳೆಯ ಅವಧಿ ಮುಗಿಯುವವರೆಗೆ ಕಾದು, ಆಮೇಲೆ ವಿಳಾಸ ಬದಲಿಸುವುದು ಅನುಭವಸ್ಥರ ಕ್ರಮ. ಯಾವ ಉಪಕರಣವೂ ಈ ತಾಳ್ಮೆಗೆ ಬದಲಿಯಾಗಿಲ್ಲ.

ಝೋನ್ ಫೈಲಿನಲ್ಲಿ ಪೂರ್ಣ ಹೆಸರಿನ ಕೊನೆಗೊಂದು ಚುಕ್ಕಿ ಇಡಬೇಕು. ಇಡದಿದ್ದರೆ ಝೋನಿನ ಹೆಸರು ಮತ್ತೊಮ್ಮೆ ಅಂಟಿಕೊಳ್ಳುತ್ತದೆ. 2009ರ ಅಕ್ಟೋಬರ್ 12ರ ರಾತ್ರಿ ಸ್ವೀಡನ್ನಿನ ‘ಎಸ್‌ಇ’ ಝೋನಿನಲ್ಲಿ ನಡೆದದ್ದು ಇದೇ. ನಿರ್ವಹಣೆಯ ಸ್ಕ್ರಿಪ್ಟ್ ಒಂದು ಆ ಚುಕ್ಕಿಯನ್ನು ಬಿಟ್ಟು ಫೈಲ್ ತಯಾರಿಸಿತು. ಸುಮಾರು 9 ಲಕ್ಷ ಹೆಸರುಗಳು ಒಮ್ಮೆಗೇ ಸಿಗದಾದವು. ಫೈಲನ್ನು ಬೇಗನೆ ಸರಿಪಡಿಸಿದರು. ಆದರೆ ತಪ್ಪು ಉತ್ತರವನ್ನು ಆಗಲೇ ಕ್ಯಾಶ್‌ಗೆ ಹಾಕಿಕೊಂಡಿದ್ದ ರಿಸಾಲ್ವರ್‌ಗಳಿಂದ ಅದು ಕರಗಲು ಇನ್ನಷ್ಟು ಹೊತ್ತು ಬೇಕಾಯಿತು. ವ್ಯವಸ್ಥೆಯನ್ನು ಕಾಯುವ ಕ್ಯಾಶೇ ತಪ್ಪನ್ನೂ ಕಾದಿಡುತ್ತದೆ. ಅದಕ್ಕಾಗಿಯೇ ಪ್ರಕಟಿಸುವ ಮುನ್ನ ಫೈಲನ್ನು ಪರೀಕ್ಷಿಸುವ ಹೆಜ್ಜೆ ಇಂದು ದೊಡ್ಡ ಝೋನ್‌ಗಳಲ್ಲಿ ಕಡ್ಡಾಯದಂತಿದೆ.

ರೂಟ್ ಯಾರದು?

ಹೊಣೆಯನ್ನು ಎಷ್ಟೇ ಹಂಚಿದರೂ ಮರಕ್ಕೆ ಬುಡ ಒಂದೇ. ಅದರ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆಯನ್ನು ತಂತ್ರಜ್ಞಾನ ಬಿಡಿಸಲಾರದು.

1984ರ ಅಕ್ಟೋಬರ್‌ನಲ್ಲಿ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿ 920 ಕಾಮ್, ಎಜು, ಗವ್, ಮಿಲ್, ಆರ್ಗ್ ಎಂಬ ಮೇಲ್ಮಟ್ಟದ ಡೊಮೇನ್‌ಗಳನ್ನೂ, ದೇಶಗಳಿಗೆ ಎರಡಕ್ಷರದ ಸಂಕೇತಗಳನ್ನೂ ಗೊತ್ತುಮಾಡಿತು. ದೇಶಗಳ ಪಟ್ಟಿಯನ್ನು ಅವರು ತಾವೇ ಮಾಡಲಿಲ್ಲ, ಐಎಸ್‌ಒ 3166 ಎಂಬ ಅಂತಾರಾಷ್ಟ್ರೀಯ ಪಟ್ಟಿಯನ್ನು ಎತ್ತಿಕೊಂಡರು. ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವುದು ತಮ್ಮ ಕೆಲಸವಲ್ಲ ಎಂದು ಪೋಸ್ಟೆಲ್ 1994ರಲ್ಲಿ ಸ್ಪಷ್ಟಪಡಿಸಿದರು. ಜಾಲದ ಆಡಳಿತದಲ್ಲಿ ತೆಗೆದುಕೊಂಡ ಅತ್ಯಂತ ವಿವೇಕದ ನಿರ್ಣಯಗಳಲ್ಲಿ ಇದೊಂದು.

ಕಾಮ್ ಡೊಮೇನಿನ ಮೊದಲ ಹೆಸರು 1985ರ ಮಾರ್ಚ್ 15ರಂದು ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ ದಾಖಲಾಯಿತು. ಆ ವರ್ಷ ದಾಖಲಾದ ಕಾಮ್ ಹೆಸರುಗಳು ಒಟ್ಟು ಆರು. ನೋಂದಣಿಗೆ ಹಣ ಇರಲಿಲ್ಲ. ತೊಂಬತ್ತರ ದಶಕದ ಮೊದಲಿಗೆ ನೋಂದಣಿಯ ಕೆಲಸ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಖಾಸಗಿ ಕಂಪನಿಗೆ ಹೋಯಿತು. ವರ್ಲ್ಡ್ ವೈಡ್ ವೆಬ್ ಹಬ್ಬಿ ಬೇಡಿಕೆ ಉಕ್ಕಿದಾಗ, 1995ರ ಸೆಪ್ಟೆಂಬರ್‌ನಲ್ಲಿ, ಎರಡು ವರ್ಷಕ್ಕೆ 100 ಡಾಲರ್ ಶುಲ್ಕ ಬಂತು. ಹೆಸರು ಅಲ್ಲಿಂದ ಆಸ್ತಿಯಾಯಿತು, ವ್ಯಾಜ್ಯದ ವಸ್ತುವೂ ಆಯಿತು. 1997ರ ಜುಲೈ ಈ ಏಕಸ್ವಾಮ್ಯದ ಎರಡು ದೌರ್ಬಲ್ಯಗಳನ್ನು ತೋರಿಸಿತು. ಯೂಜೀನ್ ಕಾಶ್‌ಪುರೆಫ್ ಎಂಬಾತ ರಿಸಾಲ್ವರ್‌ಗಳ ಕ್ಯಾಶ್‌ಗೆ ಸುಳ್ಳು ಉತ್ತರ ತುಂಬಿ, ಅಧಿಕೃತ ನೋಂದಣಿ ತಾಣಕ್ಕೆ ಹೊರಟವರನ್ನು ತನ್ನ ತಾಣಕ್ಕೆ ತಿರುಗಿಸಿದ. ಅದೇ ತಿಂಗಳ 17ರ ನಸುಕಿನಲ್ಲಿ ಕಾಮ್ ಮತ್ತು ನೆಟ್ ಝೋನ್ ಫೈಲ್‌ಗಳು ಕೆಟ್ಟುಹೋಗಿದ್ದವು. ಎಚ್ಚರಿಕೆಯ ಸಂದೇಶಗಳನ್ನು ಗಮನಿಸದೆ ಅವನ್ನು ಹೊರಬಿಟ್ಟದ್ದರಿಂದ ಜಾಲದ ದೊಡ್ಡ ಭಾಗ ಕೆಲವು ಗಂಟೆ ತತ್ತರಿಸಿತು.

1998ರ ಜನವರಿ 28ರಂದು ಪೋಸ್ಟೆಲ್, ಅಮೆರಿಕ ಸರ್ಕಾರದ ನೇರ ವಶದಲ್ಲಿಲ್ಲದ ರೂಟ್ ಸರ್ವರ್‌ಗಳ ನಿರ್ವಾಹಕರಿಗೆ ಒಂದು ಇಮೇಲ್ ಕಳಿಸಿದರು. ರೂಟ್ ಝೋನನ್ನು ನೆಟ್‌ವರ್ಕ್ ಸೊಲ್ಯೂಷನ್ಸ್‌ನ ಯಂತ್ರದಿಂದ ಬೇಡ, ನನ್ನ ಯಂತ್ರದಿಂದ ಪಡೆಯಿರಿ ಎಂಬುದು ಅದರ ಸಾರ. ಎಂಟು ನಿರ್ವಾಹಕರು ಹಾಗೆಯೇ ಮಾಡಿದರು. ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ, ಉತ್ತರಗಳೂ ಬದಲಾಗಲಿಲ್ಲ. ಸರ್ಕಾರದ ಒತ್ತಡಕ್ಕೆ ಮಣಿದು ಪೋಸ್ಟೆಲ್ ಇದನ್ನು ಪರೀಕ್ಷೆ ಎಂದು ಕರೆದು ಹಿಂತೆಗೆದುಕೊಂಡರು. ಯಾವ ಕಾನೂನೂ ಕೊಡದ ಅಧಿಕಾರವನ್ನು ಆ ನಿರ್ವಾಹಕರು ಪೋಸ್ಟೆಲ್ ಅವರಿಗೆ ಕೊಟ್ಟದ್ದು ವರ್ಷಗಳ ನಂಬಿಕೆಯಿಂದ. ಅಂಥ ನಂಬಿಕೆಯ ಮೇಲೆ ಜಗತ್ತಿನ ವ್ಯಾಪಾರ ನಿಲ್ಲುವುದನ್ನು ಸರ್ಕಾರ ಒಪ್ಪಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೆಸರುಗಳ ಆಡಳಿತಕ್ಕಾಗಿ ಐಕ್ಯಾನ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅಕ್ಟೋಬರ್ 16ರಂದು, 55ನೇ ವಯಸ್ಸಿನಲ್ಲಿ, ಪೋಸ್ಟೆಲ್ ತೀರಿಕೊಂಡರು. ಪೋಸ್ಟೆಲ್ ಅವರಿಗಾಗಿ ವಿಂಟ್ ಸರ್ಫ್ ಬರೆದ ನುಡಿನಮನ ಆರ್‌ಎಫ್‌ಸಿ 2468 ಆಗಿ ತಾಂತ್ರಿಕ ದಾಖಲೆಗಳ ಸಾಲಿನಲ್ಲೇ ಇದೆ. ಐಕ್ಯಾನ್ ಮೇಲಿನ ಅಮೆರಿಕ ಸರ್ಕಾರದ ಮೇಲ್ವಿಚಾರಣೆಯ ಒಪ್ಪಂದ ಮುಗಿದದ್ದು 2016ರ ಅಕ್ಟೋಬರ್ 1ರಂದು.

ಈ ನಡುವೆ, 2002ರ ಅಕ್ಟೋಬರ್ 21ರಂದು, ಎಲ್ಲ 13 ರೂಟ್ ಸರ್ವರ್‌ಗಳ ಮೇಲೂ ಸುಮಾರು ಒಂದು ಗಂಟೆ ಪ್ಯಾಕೆಟ್ ದಾಳಿ ನಡೆಯಿತು. ಕ್ಯಾಶ್‌ನಿಂದಾಗಿ ಜನರಿಗೆ ಅದರ ಬಿಸಿ ತಟ್ಟಲಿಲ್ಲ. ಆದರೆ ಆ ಬಳಿಕ ಒಂದೇ ಐಪಿ ವಿಳಾಸಕ್ಕೆ ಹಲವು ಊರುಗಳಿಂದ ಉತ್ತರಿಸುವ ಎನಿಕಾಸ್ಟ್ ವಿಧಾನ ವೇಗವಾಗಿ ಹರಡಿತು. 13 ಹೆಸರುಗಳ ಹಿಂದೆ ಇಂದು ಸಾವಿರಕ್ಕೂ ಹೆಚ್ಚು ಸರ್ವರ್ ಕೇಂದ್ರಗಳಿವೆ.

ಸುಳ್ಳು ಉತ್ತರಗಳು

ಮೂಲ ಡಿಎನ್‌ಎಸ್‌ನಲ್ಲಿ ಉತ್ತರ ಯಾರಿಂದ ಬಂತೆಂದು ಖಚಿತಪಡಿಸಿಕೊಳ್ಳುವ ದಾರಿ ಇರಲಿಲ್ಲ. ಪ್ರಶ್ನೆಯಲ್ಲಿರುವ 16 ಬಿಟ್ ಗುರುತುಸಂಖ್ಯೆ ಉತ್ತರದಲ್ಲೂ ಇದ್ದರೆ ರಿಸಾಲ್ವರ್ ನಂಬುತ್ತಿತ್ತು. ಆ ಸಂಖ್ಯೆಗೆ ಇರುವ ಸಾಧ್ಯತೆಗಳು 65,536 ಮಾತ್ರ. ಸ್ಟೀವನ್ ಬೆಲೊವಿನ್ ತೊಂಬತ್ತರ ದಶಕದ ಆರಂಭದಲ್ಲೇ ಡಿಎನ್‌ಎಸ್‌ನ ದೌರ್ಬಲ್ಯಗಳ ಬಗ್ಗೆ ಪ್ರಬಂಧ ಬರೆದು, ದುರುಪಯೋಗವಾಗಬಾರದೆಂದು 1995ರವರೆಗೆ ಪ್ರಕಟಿಸದೆ ಇಟ್ಟರು. 2008ರಲ್ಲಿ ಡ್ಯಾನ್ ಕಮಿನ್ಸ್ಕಿ, ಇಲ್ಲದ ಹೆಸರುಗಳನ್ನು ಒಂದರ ಹಿಂದೊಂದು ಕೇಳುತ್ತ ಹೋದರೆ ಸುಳ್ಳುಗಾರನಿಗೆ ಸಂಖ್ಯೆ ಊಹಿಸುವ ಅವಕಾಶ ಮತ್ತೆ ಮತ್ತೆ ಸಿಗುತ್ತದೆ, ಕೆಲವೇ ಕ್ಷಣಗಳಲ್ಲಿ ಕ್ಯಾಶ್ ಕೆಡಿಸಬಹುದು ಎಂದು ಕಂಡುಕೊಂಡರು. ಅವರು ಅದನ್ನು ಸಾರಲಿಲ್ಲ, ಮಾರಲೂ ಇಲ್ಲ. ಮಾರ್ಚ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಆವರಣದಲ್ಲಿ ತಜ್ಞರು ಗುಟ್ಟಾಗಿ ಸೇರಿದರು. ಜುಲೈ 8ರಂದು ಪರಸ್ಪರ ಸ್ಪರ್ಧಿಗಳಾದ ಕಂಪನಿಗಳೆಲ್ಲ ಒಂದೇ ದಿನ ಪ್ಯಾಚ್ ಬಿಡುಗಡೆ ಮಾಡಿದವು. ಪ್ರತಿ ಪ್ರಶ್ನೆಯನ್ನೂ ಊಹಿಸಲಾಗದ ಬೇರೆ ಬೇರೆ ಪೋರ್ಟ್‌ನಿಂದ ಕಳಿಸುವುದು ಪರಿಹಾರ. ಡೇನಿಯಲ್ ಬರ್ನ್‌ಸ್ಟೈನ್ ತಮ್ಮ ತಂತ್ರಾಂಶದಲ್ಲಿ ವರ್ಷಗಳ ಹಿಂದೆಯೇ ಇದನ್ನು ಅಳವಡಿಸಿದ್ದರು.

ಶಾಶ್ವತ ಉಪಾಯವೆಂದರೆ ಡಿಎನ್‌ಎಸ್‌ಸೆಕ್: ಪ್ರತಿ ಉತ್ತರಕ್ಕೂ ಡಿಜಿಟಲ್ ಸಹಿ, ಆ ಸಹಿಯ ಕೀಲಿಯನ್ನು ಮೇಲಿನ ಝೋನ್ ದೃಢೀಕರಿಸುವುದು, ಹೀಗೆ ರೂಟ್‌ವರೆಗೆ. 2010ರ ಜೂನ್‌ನಲ್ಲಿ ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಬೇರೆ ಬೇರೆ ದೇಶಗಳ ಸಾಕ್ಷಿಗಳ ಎದುರು ರೂಟ್‌ನ ಕೀಲಿ ರಚನೆಯಾಯಿತು, ಜುಲೈ 15ರಂದು ಸಹಿಮಾಡಿದ ರೂಟ್ ಜಾರಿಗೆ ಬಂತು. ಆ ಕೀಲಿಯನ್ನು ಮೊದಲ ಸಲ ಬದಲಿಸಿದ್ದು 2018ರ ಅಕ್ಟೋಬರ್ 11ರಂದು. ಸಹಿ ಮಾಡುವ ಝೋನ್‌ಗಳ ಸಂಖ್ಯೆ ಮಾತ್ರ ಆಸೆಪಟ್ಟಷ್ಟು ಏರಿಲ್ಲ. ಸಹಿಯ ಅವಧಿ ಮೀರಿದರೆ ಝೋನೇ ಕಾಣೆಯಾಗುವುದರಿಂದ ಅಡ್ಮಿನ್‌ಗಳು ಹಿಂಜರಿಯುತ್ತಾರೆ.

ಸಹಿ ಸುಳ್ಳನ್ನು ತಡೆಯುತ್ತದೆ, ಕದ್ದುನೋಡುವುದನ್ನಲ್ಲ. 2016ರಲ್ಲಿ ಟಿಎಲ್‌ಎಸ್ ಮೂಲಕ, 2018ರಲ್ಲಿ ಎಚ್‌ಟಿಟಿಪಿಎಸ್ ಮೂಲಕ ಪ್ರಶ್ನೆಗಳನ್ನು ಗೂಢಲಿಪಿಯಲ್ಲಿ ಕಳಿಸುವ ನಿಯಮಗಳು ಬಂದವು. ಅಷ್ಟರಲ್ಲಿ ಗೂಗಲ್ 2009ರಲ್ಲಿ, ಕ್ಲೌಡ್‌ಫ್ಲೇರ್ 2018ರಲ್ಲಿ ಎಲ್ಲರಿಗೂ ತೆರೆದ ರಿಸಾಲ್ವರ್‌ಗಳನ್ನು ಶುರುಮಾಡಿದ್ದವು. ಹಂಚಿಹೋಗಿದ್ದ ವ್ಯವಸ್ಥೆ ಹೀಗೆ ಮತ್ತೆ ಕೆಲವರ ಬಳಿ ಗುಡ್ಡೆಯಾಗತೊಡಗಿತು. ಹೀಗೆ ಗುಡ್ಡೆಯಾಗುವುದರ ಬೆಲೆ ಎಷ್ಟೆಂಬುದು ನೇಮ್ ಸರ್ವರ್‌ಗಳ ಬದಿಯಲ್ಲಿ 2016ರ ಅಕ್ಟೋಬರ್ 21ರಂದೇ ಕಂಡಿತ್ತು. ಕ್ಯಾಮೆರಾ, ವಿಡಿಯೊ ರೆಕಾರ್ಡರ್‌ಗಳನ್ನು ವಶಪಡಿಸಿಕೊಂಡ ಮಿರಾಯ್ ಎಂಬ ದುಷ್ಟ ತಂತ್ರಾಂಶ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಸೇರಿ ಹಲವು ತಾಣಗಳು ಸಿಗದಾದವು. ಅವುಗಳ ಸರ್ವರ್‌ಗಳಿಗೆ ಏನೂ ಆಗಿರಲಿಲ್ಲ. ನೇಮ್ ಸರ್ವರ್‌ಗಳನ್ನು ಎರಡು ಬೇರೆ ಜಾಲಗಳಲ್ಲಿ ಇಡಬೇಕೆಂಬ ಹಳೆಯ ನಿಯಮವನ್ನು ಕೆಲವು ದೊಡ್ಡ ಕಂಪನಿಗಳು ಮತ್ತೆ ಪಾಲಿಸಲು ಶುರುಮಾಡಿದ್ದು ಆಮೇಲೆ.

ಭಾರತ ಮತ್ತು ಕನ್ನಡ

ಭಾರತದ ‘ಇನ್’ ಡೊಮೇನ್ 1989ರ ಮೇನಲ್ಲಿ ರೂಟ್‌ಗೆ ಸೇರಿತು. ಅದನ್ನು ನೋಡಿಕೊಂಡದ್ದು ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಎನ್‌ಸಿಎಸ್‌ಟಿ. 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಶೈಕ್ಷಣಿಕ ಜಾಲದಲ್ಲಿ ಈ ಕೇಂದ್ರದ ಜೊತೆಗೆ ಐದು ಐಐಟಿಗಳು, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದ್ದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟ ಮೇಲೂ ‘ಇನ್’ ಹೆಸರು ಪಡೆಯುವ ನಿಯಮಗಳು ಬಿಗಿಯಾಗಿದ್ದವು. ಭಾರತದ ಕಂಪನಿಗಳೂ ಕಾಮ್ ಕಡೆಗೇ ಹೋದವು. 2005ರ ಆರಂಭದಲ್ಲಿ ನಿಕ್ಸಿ ಸಂಸ್ಥೆಯ ಕೈಗೆ ಬಂದ ಬಳಿಕ ನೋಂದಣಿ ಎಲ್ಲರಿಗೂ ತೆರೆಯಿತು.

ಭಾಷೆಯ ತಡೆ ಇನ್ನೂ ಹಳೆಯದು. ಹೋಸ್ಟ್ಸ್ ಕಡತದ ಕಾಲದಿಂದಲೂ ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಬಿಟ್ಟರೆ ಬೇರೇನೂ ಸಲ್ಲುತ್ತಿರಲಿಲ್ಲ. 2003ರಲ್ಲಿ ಬಂದ ಪ್ಯೂನಿಕೋಡ್ ಯಾವುದೇ ಲಿಪಿಯ ಹೆಸರನ್ನು ಒಳಗೊಳಗೇ ಇಂಗ್ಲಿಷ್ ಅಕ್ಷರಗಳ ಸರಣಿಯಾಗಿ ಬದಲಿಸಿ, ಸರ್ವರ್‌ಗಳನ್ನು ಮುಟ್ಟದೆ ಈ ತಡೆಯನ್ನು ದಾಟಿತು. 2010ರ ಮೇನಲ್ಲಿ ಅರಬ್ಬಿ ಲಿಪಿಯ ದೇಶಸಂಕೇತಗಳು ಮೊದಲು ರೂಟ್‌ಗೆ ಬಂದವು. 2011ರಲ್ಲಿ ಭಾರತಕ್ಕೆ ಸಿಕ್ಕ ಏಳು ಲಿಪಿಗಳ ‘ಭಾರತ’ ಎಂಬ ಮೇಲ್ಮಟ್ಟದ ಡೊಮೇನ್‌ಗಳಲ್ಲಿ ಕನ್ನಡ ಇರಲಿಲ್ಲ. ಅದು ಮಲಯಾಳ, ಒಡಿಯಾ ಮೊದಲಾದವುಗಳ ಜೊತೆ ಎರಡನೇ ಸುತ್ತಿನಲ್ಲಿ ಸೇರಿತು.

ಕನ್ನಡಕ್ಕೆ ಇಲ್ಲಿ ಒಂದು ವಿಶೇಷ ತೊಡಕು ಇತ್ತು. ಕನ್ನಡದ ಮತ್ತು ತೆಲುಗಿನ ಹಲವು ಅಕ್ಷರಗಳು ಕಣ್ಣಿಗೆ ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. ‘ರ’, ‘ಲ’, ‘ಗ’ ಇಂಥವು. ಬ್ಯಾಂಕೊಂದರ ಕನ್ನಡದ ಹೆಸರನ್ನು ಹೋಲುವ ತೆಲುಗಿನ ಹೆಸರು ಕೊಂಡು ವಂಚಿಸುವುದು ಸುಲಭವಾಗುತ್ತಿತ್ತು. ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳಿಗೆ ರೂಟ್ ಮಟ್ಟದ ನಿಯಮ ರೂಪಿಸಿದ ತಜ್ಞರ ತಂಡ, ಈ ಎರಡು ಲಿಪಿಗಳ ಹೋಲುವ ಅಕ್ಷರಗಳನ್ನು ಜೋಡಿಗಳೆಂದು ಪಟ್ಟಿಮಾಡಿತು. ಅದರಂತೆ ಒಂದು ಲಿಪಿಯಲ್ಲಿ ಮೇಲ್ಮಟ್ಟದ ಹೆಸರೊಂದು ಯಾರಿಗಾದರೂ ಸಂದರೆ, ಇನ್ನೊಂದು ಲಿಪಿಯ ಅದರ ತದ್ರೂಪಿ ಬೇರೆ ಯಾರಿಗೂ ಸಿಗದಂತೆ ಮುಚ್ಚಿಹೋಗುತ್ತದೆ.